ಮೇಣ ಕರಗಿಸಿದ ವೀಣೆ

ನಲವತ್ತು ವರ್ಷದಿಂದ ವೀಣೆ ರಿಪೇರಿ ಮಾಡುತ್ತಿದ್ದ ಆ ಮನುಷ್ಯನನ್ನು ಓಣಿಯವರೆಲ್ಲ ಮೇಣದಣ್ಣ ಎಂದೇ ಕರೆಯುತ್ತಿದ್ದರು. ಯಾವ ಸ್ವರ ಎಲ್ಲಿ ಎಂದು ಗೊತ್ತುಮಾಡುವ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಹಿಡಿದು ನಿಲ್ಲಿಸುವುದು ಮೇಣ. ಮುರಿದದ್ದು ಏನೇ ಇರಲಿ, ಅವನು ಮೊದಲು ಹಳೆಯ ಮೇಣವನ್ನು ಕರಗಿಸಿ ತೆಗೆದು, ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸುತ್ತಿದ್ದ. ಅಪ್ಪ ಕಲಿಸಿದ್ದೇ ಹಾಗೆ.

ಮ್ಯೂಸಿಯಂನಿಂದ ಬಂದ ಹಳೆಯ ವೀಣೆಗೂ ಅದೇ ಆಯಿತು. ಅದರಲ್ಲಿ ಮುರಿದದ್ದು ತಂತಿ ಬಿಗಿಯುವ ಒಂದು ಬಿರಡೆ ಮಾತ್ರ. ಮೇಣ ಕಾಯಿಸುವ ಮುನ್ನ ಉಳಿದ ತಂತಿಗಳನ್ನು ಒಮ್ಮೆ ಮೀಟಿ ನೋಡಿದ.

"ಏನ್ರೀ ಅದು, ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕಿನ ಹಾಗೆ!" ಒಳಗಿನಿಂದ ಹೆಂಡತಿ ಕೂಗಿದಳು.

"ಸ್ವರ ಕೆಟ್ಟಿದೆ ಕಣೇ. ಸರಿ ಮಾಡಿಕೊಟ್ರಾಯ್ತು, ಪಾಪ."

ಮೂರನೆಯ ದಿನ ಮ್ಯೂಸಿಯಂ ಮೇಡಂ ಅಳತೆಪಟ್ಟಿ ಹಿಡಿದು ಬಂದರು. ಅವನು ಹೆಮ್ಮೆಯಿಂದ ಬಟ್ಟೆ ಸರಿಸಿದ. ಹೊಸ ಮೇಣ ಕರ್ರಗೆ ಮಿಂಚುತ್ತಿತ್ತು. ಮೇಡಂ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು.

"ಬಿರಡೆ ಮಾತ್ರ ಅಂದಿದ್ದೆನಲ್ಲ ಯಜಮಾನ್ರೇ!"

"ಸ್ವರ ಒಂದೂ ಸರಿ ಇರ್ಲಿಲ್ಲ ಮೇಡಂ."

"ಸರಿಯಾಗೇ ಇತ್ತು! ಆ ಕಾಲದವರು ಸ್ವರ ಕೂರಿಸಿದ್ದೇ ಹಾಗೆ. ಯಾರೂ ಕೈ ಹಚ್ಚದೆ ಉಳಿದಿದ್ದು ಇದೊಂದೇ. ತಂತಿ ಬಿಗಿದ ಮೇಲೆ ಮೆಟ್ಟಿಲುಗಳ ಅಂತರ ಅಳೆಯೋಣ ಅಂತಿದ್ದೆ..."

ಅವನ ಕೈಯಲ್ಲಿದ್ದ ಬಟ್ಟೆ ಜಾರಿ ಬಿತ್ತು. ಇನ್ನೂರು ವರ್ಷ ಅಲುಗದೆ ನಿಂತಿದ್ದನ್ನು ಅವನು ಒಂದು ಮಧ್ಯಾಹ್ನದಲ್ಲಿ ಕರಗಿಸಿ ಡಬ್ಬಿಗೆ ಸುರಿದಿದ್ದ.

ಮೇಡಂ ಮೆಲ್ಲಗೆ ಕೇಳಿದರು: "ಇಂಥ ಹಳೇವು ಮೊದಲೂ ಬಂದಿದ್ದವಾ?"

ಅವನು ಬೆರಳು ಮಡಿಸತೊಡಗಿದ. ಒಂದು ಕೈ ಮುಗಿಯಿತು, ಇನ್ನೊಂದೂ ಮುಗಿಯಿತು. ಅಲ್ಲೇ ಕೂತ. ಅಪ್ಪನ ಕೈಗೆ ಬಂದವನ್ನು ಎಣಿಸುವ ಧೈರ್ಯವಾಗಲಿಲ್ಲ. ಹೆಂಡತಿ ನೀರು ತಂದುಕೊಟ್ಟಳು.

ಮಾರನೆಯ ದಿನ ಪಾಠ ಕಲಿಯುವ ಹುಡುಗಿಯೊಬ್ಬಳ ವೀಣೆ ಬಂತು. ಒಲೆ ಹಚ್ಚಿದ, ಮೇಣ ಕೆರೆಯುವ ಚಾಕು ಎತ್ತಿಕೊಂಡ, ಕೆಳಗಿಟ್ಟ.

"ಒಂದು ಉದ್ದದ ಹಾಳೆ ಕೊಡೇ. ಪೆನ್ಸಿಲ್ಲೂ."

"ಅಯ್ಯೋ, ಅದು ಹೋದ ವರ್ಷ ನೀವೇ ಕೂರಿಸಿದ್ದಲ್ವೇನ್ರೀ?"

"ಇರಲಿ. ಮುಂದೆ ಯಾರಾದ್ರೂ ಕೇಳಿದ್ರೆ?"

ಹಾಳೆಯನ್ನು ಮೆಟ್ಟಿಲುಗಳ ಪಕ್ಕ ಉದ್ದಕ್ಕೆ ಹಾಸಿ, ಒಂದೊಂದಕ್ಕೂ ಗೆರೆ ಎಳೆದ. ಇಪ್ಪತ್ತನಾಲ್ಕನೆಯ ಗೆರೆ ಎಳೆದು, ಹಾಳೆಯ ಮೂಲೆಯಲ್ಲಿ ತಾರೀಕು ಬರೆದ ಮೇಲೆಯೇ ಮತ್ತೆ ಚಾಕು ಎತ್ತಿಕೊಂಡ.