ಮಚ್ಚೇಂದ್ರರ ಟವೆಲ್ ಕಾಯುವ ಬಲ್ಬು

ಕಂಪ್ಯೂಟರಿನ ಕೆಲಸವನ್ನು ಅರ್ಧಂಬರ್ಧ ತಿಳಿದು ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಇರಲಿ. ತಪ್ಪಿದ್ದರೆ ಅದು ಈ ಬರಹದ್ದು, ವಿಶಾಖಾ ಅವರದಲ್ಲ.

ಹುಮನಾಬಾದಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೋಟಾರು ರಿವೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ವಿಶಾಖಾ ಚಹಾ ಹಿಡಿದು ಗೋಡೆ ನೋಡುತ್ತ ಕೂತಿದ್ದಾರೆ. ಗೋಡೆಗೆ ಒಂದು ಪಂಪ್‌ಸೆಟ್ ಸ್ಟಾರ್ಟರ್, ಮೋಟಾರಿನ ಬದಲು ಅದಕ್ಕೊಂದು ಬಲ್ಬು, ಎರಡರ ಮೇಲೂ ಅಪ್ಪನ ಹಳೆಯ ಟವೆಲ್. ಕಂಪ್ಯೂಟರ್ ಒಂದೊಂದೇ ಆದೇಶ ಕಳಿಸುತ್ತಿದೆ. ಬಲ್ಬು ಹೊತ್ತಬಾರದು.

ಮೊಬೈಲಿನಿಂದ ಶುರುವಾಗುವ ಸ್ಟಾರ್ಟರುಗಳಿಗೆ ಕೋಡ್ ಬರೆಯುವ ಪುಟ್ಟ ತಂಡ ಇವರದು. ವಿಶಾಖಾ ಇಲ್ಲಿ, ಜೊತೆಗಾರ ಆಸಿಫ್ ಬಸವಕಲ್ಯಾಣದಲ್ಲಿ. ಇಬ್ಬರೂ ಬರೆದದ್ದು ಒಂದೇ ರೆಪೊಸಿಟರಿಗೆ, ಅಂದರೆ ಕೋಡಿನ ಕಣಜಕ್ಕೆ, ಸೇರಿ, ಅಲ್ಲಿಂದ ಹೊಲಹೊಲದ ಸ್ಟಾರ್ಟರಿಗೆ ಹೋಗುತ್ತದೆ.

ವಿಶಾಖಾ ಅವರ ತಂದೆ ಮಚ್ಚೇಂದ್ರ ಬಾವಿಗಿಳಿದು ಹೂಳು ತೆಗೆಯುವವರು. ಇಳಿಯುವ ಮುನ್ನ ಸ್ಟಾರ್ಟರಿನ ಮೇಲೆ ಟವೆಲ್ ಹಾಕುವುದು ಅವರ ರೂಢಿ. ಒಳಗೆ ಮನುಷ್ಯನಿದ್ದಾನೆ, ಯಾರೂ ಮುಟ್ಟಬೇಡಿ ಎಂದು ಅದರರ್ಥ. ಹೋದ ಬೇಸಿಗೆಯಲ್ಲಿ ಆಸಿಫ್ ಕೋಡಿಗೆ ಹೊಸದೊಂದು ಸೌಕರ್ಯ ಸೇರಿಸಿದರು: ಹೋದ ಕರೆಂಟು ಬಂದರೆ ಮೋಟಾರು ತಾನಾಗಿಯೇ ಶುರು. ಟವೆಲಿನ ನೆನಪು ಸ್ವಂತ ಮಗಳಿಗೂ ಬರಲಿಲ್ಲ. ಹುಲಸೂರಿನ ರೈತ ದೇವಿದಾಸರ ಬಾವಿಯಲ್ಲಿ ಮಚ್ಚೇಂದ್ರ ಇರುವಾಗಲೇ ಕರೆಂಟು ಬಂದು ಮೋಟಾರು ತಿರುಗಿತು. ಬೀಡಿ ಹಚ್ಚಲೆಂದು ಮೆಟ್ಟಿಲಿಗೆ ಬಂದು ಕೂತಿದ್ದರಿಂದ ಉಳಿದರು. ಮಗಳಿಗೆ ಹೇಳಿದ್ದು ಇಷ್ಟೇ: "ಟವೆಲ್ ಹಾಕೇ ಇಳದಿದ್ನೆಲ್ಲವ್ವಾ."

ಆಮೇಲೆ ವಿಶಾಖಾ ಪ್ರತಿ ಸ್ಟಾರ್ಟರಿಗೂ, ಟವೆಲ್ ಹಾಕುವ ಜಾಗದಲ್ಲೇ, ಒಂದು ಬೀಗದ ಗುಂಡಿ ಕೂಡಿಸಿದರು; ಅದನ್ನು ಒತ್ತಿಟ್ಟರೆ ಯಾವ ಆದೇಶಕ್ಕೂ ಮೋಟಾರು ಶುರುವಾಗಬಾರದು. ಈಗ ಯಾರು ಏನು ಬದಲಾಯಿಸಿ ಕಳಿಸಿದರೂ ಮೊದಲು ಗೋಡೆಯ ಸ್ಟಾರ್ಟರಿನಲ್ಲಿ ತಾನಾಗಿಯೇ ಪರೀಕ್ಷೆ ನಡೆಯುತ್ತದೆ. ಬೀಗ ಹಾಕಿದಾಗ ಬಲ್ಬು ಹೊತ್ತಿದರೆ ಆ ಕೋಡ್ ಮುಂದೆ ಹೋಗದು. ಬಾವಿಯ ಆಳುಗಳು ಕೆಲಸಕ್ಕಿಳಿಯುವ ಮುನ್ನ, ನಸುಕಿನಲ್ಲಿ, ಇನ್ನೊಮ್ಮೆ ಪರೀಕ್ಷೆ. "ನಿಮ್ಮಪ್ಪನ ಟವೆಲ್ ದಾಟಾಕ ವೀಸಾ ಬೇಕಾಗ್ಯಾದ ನೋಡು" ಎಂದು ಆಸಿಫ್ ಚೇಷ್ಟೆ ಮಾಡುತ್ತಿದ್ದರು.

ಹೋದ ತಿಂಗಳು ಒಂದು ನಸುಕಿನಲ್ಲಿ ಆ ಬಲ್ಬು ಹೊತ್ತಿತು. ಯಾರೂ ಹೊಸ ಕೋಡ್ ಕಳಿಸಿರಲಿಲ್ಲ. ಕರೆಂಟು ಹೋಗಿ ಬಂದಿರಲಿಲ್ಲ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಟವೆಲಿನ ನೂಲುಗಳ ನಡುವಿನಿಂದ ಬೆಳಕು ಸೋಸಿ ಬರುತ್ತಿತ್ತು. ವಿಶಾಖಾ ಅಪ್ಪನಿಗೆ ಫೋನ್ ಹಚ್ಚಿದರು. ಅವರು ಮತ್ತೆ ಅದೇ ದೇವಿದಾಸರ ಬಾವಿಯ ದಂಡೆಯಲ್ಲಿ ನಡುವಿಗೆ ಹಗ್ಗ ಕಟ್ಟಿಕೊಳ್ಳುತ್ತಿದ್ದರು.

ಇಳಿಯಬೇಡ ಎಂದಿದ್ದಕ್ಕೆ ಹಗ್ಗ ಬಿಚ್ಚಿ ಕೂತರು. ಬಿಸಿಲು ಬಾವಿಯ ಕಟ್ಟೆಗೆ ಬೀಳುವ ಹೊತ್ತಿಗೆ, ಬೀಗ ಹಾಕಿ ಟವೆಲ್ ಹೊದಿಸಿದ್ದ ಅಲ್ಲಿನ ಸ್ಟಾರ್ಟರ್ ಕಟಕ್ಕೆಂದಿತು. ಕೆಳಗೆ ಮೋಟಾರು ತಿರುಗಿತು, ನಿಂತಿತು.

"ಯಾರೂ ಮುಟ್ಟಿಲ್ರಿ" ಎನ್ನುತ್ತಾರೆ ದೇವಿದಾಸ. "ನನ್ನ ಫೋನ್ ಮನ್ಯಾಗಿತ್ತು. ನಾಯಿ ಸೈತ ಹಿಂದ ಸರೀತು."

ಆಸಿಫ್ ಆ ದಿನವೇ ಬಸ್ಸು ಹತ್ತಿ ಬಂದರು. ಅದೇ ಕೋಡ್, ಅದೇ ಸ್ಟಾರ್ಟರ್. ಎಷ್ಟು ಸಲ ಓಡಿಸಿದರೂ ಬಲ್ಬು ಹೊತ್ತಲಿಲ್ಲ. ಒಮ್ಮೊಮ್ಮೆ ಹೀಗಾಗುತ್ತದೆ, ಕೆಲಸ ನಿಲ್ಲಿಸುವುದು ಬೇಡ ಎಂದು ಅವರು ಮೆಲ್ಲಗೆ ಹೇಳಿ ನೋಡಿದರು. ಈ ಸಲ ಮಾತಿನಲ್ಲಿ ಚೇಷ್ಟೆ ಇರಲಿಲ್ಲ.

"ಬಲ್ಬ್ ಸುಳ್ಳ ಹೇಳಿಲ್ಲ" ಎಂದರು ವಿಶಾಖಾ. "ಯಾಕ ಅಂತ ತಿಳಿಯೋತನಕ ಒಂದ್ ಸಾಲೂ ಮುಂದ ಹೋಗಂಗಿಲ್ಲ."

ಈಗ ಎಲ್ಲ ಹೊಲಗಳಲ್ಲೂ ಮೊಬೈಲಿನಿಂದ ಮೋಟಾರು ಹಾಕುವುದು ಬಂದ್. ಮಚ್ಚೇಂದ್ರ ಫ್ಯೂಸ್ ಕಿತ್ತು ಬನಿಯನ್ನಿನ ಜೇಬಿನಲ್ಲಿಟ್ಟುಕೊಂಡು ಇಳಿಯುತ್ತಾರೆ. ಟವೆಲನ್ನೂ ಹಾಕುತ್ತಾರೆ.

"ಮಗಳು ಏನ್ ಕೆಲಸ ಮಾಡ್ತಾಳ ಅಂತ ಮಂದಿ ಕೇಳ್ತಾರ್ರಿ. ನನ್ನ ಟವೆಲ್ ಕಾಯ್ತಾಳ ಅಂತೀನಿ."

ಆ ನಸುಕಿನಲ್ಲಿ ಬಲ್ಬು ಯಾಕೆ ಹೊತ್ತಿತು ಎಂಬುದು ವಿಶಾಖಾ ಅವರಿಗೆ ಇನ್ನೂ ಗೊತ್ತಾಗಿಲ್ಲ. ಇದನ್ನು ಬರೆದು ಮುಗಿಸುವ ಹೊತ್ತಿಗೂ ಗೊತ್ತಿಲ್ಲ.