ಬಾನೆಟ್ ಮೇಲೆ ಸಂಜೀವಣ್ಣನ ಅಂಗೈ

ಹಳೆಯ ಕಾರು ನೋಡಲು ಯಾರ ಮನೆಗೆ ಹೋದರೂ ಸಂಜೀವಣ್ಣ ಮೊದಲು ಕೈ ಕೊಡುತ್ತಿದ್ದುದು ಕಾರಿಗೆ, ಕಾರಿನ ಯಜಮಾನನಿಗಲ್ಲ. ಆತ ನಗುತ್ತ ಮುಂದೆ ಬಂದು ಕೈ ಚಾಚಿದರೆ ಇವರು ಪಕ್ಕಕ್ಕೆ ಸರಿದು, ಬಾನೆಟ್ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವ ತಾಯಿಯ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬಿಸಿ ತಾಗಿತೋ, ಅಲ್ಲಿಗೆ ಮುಗಿಯಿತು.

"ಹಳೆ ಇಂಜಿನಿನ ಕಾಯಿಲೆ ಗೊತ್ತಾಗುವುದು ಅದು ತಣ್ಣಗಿದ್ದಾಗ ಮಾರಾಯ. ನಾವು ಬರುವ ಮೊದಲೇ ಇವ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟದ್ದು ಯಾಕೆ? ನಮ್ಮ ಮೇಲಿನ ಪ್ರೀತಿಗಾ?" ಎಂದು ನನ್ನ ಕಿವಿಯಲ್ಲಿ ಹೇಳಿ, ಯಜಮಾನನ ಕಡೆ ತಿರುಗಿ ತುಂಬ ಮರ್ಯಾದೆಯಿಂದ, "ಕಲ್ ಆಯೇಂಗೆ" ಎನ್ನುತ್ತಿದ್ದರು.

ಸಂಜೀವಣ್ಣ ಕಾರ್ಕಳದ ಕಡೆಯವರು. ವಾಶಿಯಲ್ಲಿ ಹೋಟೆಲು, ಸಾನಪಾಡಾದಲ್ಲಿ ಮನೆ. ಸಂಶಯವನ್ನು ಅವರು ಕಲಿತದ್ದು ಮಾರ್ಕೆಟಿನಲ್ಲಿ. ಹೋಟೆಲಿಗೆ ಟೊಮೆಟೊ ಕೊಳ್ಳುವಾಗ ಮೇಲಿನ ಸಾಲನ್ನು ಕಣ್ಣೆತ್ತಿಯೂ ನೋಡದೆ, ತೋಳು ಮಡಿಸಿ ಪೆಟ್ಟಿಗೆಯ ತಳಕ್ಕೇ ಕೈ ಹಾಕುತ್ತಿದ್ದರು. ಆ ಅಭ್ಯಾಸ ಬೆಳೆದು ಬೆಳೆದು ಇಡೀ ಜಗತ್ತೇ ಅವರಿಗೆ ಒಂದು ಟೊಮೆಟೊ ಪೆಟ್ಟಿಗೆಯಾಗಿತ್ತು. ಸ್ಟೇಷನ್ನಿನ ಇಂಡಿಕೇಟರಿನಲ್ಲಿ ಪನ್ವೇಲ್ ಎಂದು ಬರೆದಿದ್ದರೂ ಗಾಡಿಯೊಳಗೆ ಕೂತವರನ್ನು ಕೇಳದೆ ಹತ್ತಿದವರಲ್ಲ.

ನನಗೆ ಅವರ ಪರಿಚಯವಾದದ್ದು ಪಾಮ್ ಬೀಚ್ ರಸ್ತೆಯ ಪಕ್ಕದಲ್ಲಿ. ಅಲ್ಲಿ ಭಾನುವಾರ ಬೆಳಿಗ್ಗೆ ಹಳೆಯ ಸ್ಪೋರ್ಟ್ಸ್ ಕಾರಿನವರು ಸೇರಿ, ಬಾನೆಟ್ ತೆರೆದು, ಒಬ್ಬರ ಕಾರನ್ನು ಇನ್ನೊಬ್ಬರು ಹೊಗಳುತ್ತಾರೆ. ನಾನು ಕಾರಿಲ್ಲದೆ ಹೋಗಿ ಜೊಲ್ಲು ಸುರಿಸುತ್ತಿದ್ದವನು. ಸಂಜೀವಣ್ಣನದು ಜಪಾನಿನ ಎರಡು ಸೀಟಿನ ಕೆಂಪು ಕಾರು. ದೀಪಗಳು ಬಾನೆಟ್ಟಿನೊಳಗೆ ಅಡಗಿರುತ್ತವೆ, ಗುಂಡಿ ಒತ್ತಿದರೆ ಮೇಲೇಳುತ್ತವೆ. ಎಡಗಡೆಯದು ಸ್ವಲ್ಪ ತಡವಾಗಿ, ನಿದ್ದೆಯಿಂದ ಎದ್ದ ಹಾಗೆ ಏಳುತ್ತಿತ್ತು. ಮನೆಯಲ್ಲಿ ಆ ಕಾರಿಗೆ ಎರಡು ಹೊದಿಕೆ: ಹೊರಗೆ ತಾಡಪಾಲು, ಒಳಗೆ ತೀರಿಹೋದ ಹೆಂಡತಿಯ ಹಳೆಯ ನೂಲಿನ ಸೀರೆ.

ನನಗೂ ಅಂಥದೊಂದು ಬೇಕು ಎಂದಾಗ ನನ್ನ ಹೆಂಡತಿ ವನಿತಾ, "ಗ್ಯಾಸ್ ಸಿಲಿಂಡರ್ ಕೂಡ ಹಿಡಿಯದ ಕಾರು ಯಾಕೆ ನಿಮಗೆ?" ಎಂದಿದ್ದಳು. ಸಂಜೀವಣ್ಣ ಮಾತ್ರ, "ನಾನು ಬರ್ತೇನೆ. ಒಬ್ಬನೇ ಹೋಗ್ಬೇಡ, ನಿನ್ನ ಮುಖ ನೋಡಿದ್ರೆ ದೇವರಿಗೂ ನಿಂಗೊಂದು ಟೋಪಿ ಹಾಕುವ ಅಂತ ಕಾಣ್ತದೆ" ಎಂದರು.

ಹಾಗೆ ಶುರುವಾಯಿತು ನಮ್ಮ ತಿರುಗಾಟ. ಡೊಂಬಿವಲಿಯಲ್ಲಿ ಒಬ್ಬರು ಚಹಾ, ಚಕ್ಕುಲಿ, ಮೇಲೆ ಶ್ರೀಖಂಡವನ್ನೂ ಕೊಟ್ಟು ಉಪಚರಿಸಿದರು. "ಅತಿ ವಿನಯಂ ಧೂರ್ತ ಲಕ್ಷಣಂ" ಎನ್ನುತ್ತಲೇ ಸಂಜೀವಣ್ಣ ಶ್ರೀಖಂಡವನ್ನು ಎರಡನೇ ಸಲ ಹಾಕಿಸಿಕೊಂಡರು. ಬಾನೆಟ್ ಬಿಸಿಯಿತ್ತು. ಮರುದಿನ ಬೆಳಿಗ್ಗೆ, ಹೇಳದೆ ಕೇಳದೆ ಹೋಗಿ ಸ್ಟಾರ್ಟ್ ಮಾಡಿಸಿದರೆ ಕಾರು ಕೆಮ್ಮಿ ಕೆಮ್ಮಿ ನೀಲಿ ಹೊಗೆ ಬಿಟ್ಟಿತು. ಆ ಮನುಷ್ಯ ಅಂದು ನೀರು ಬೇಕಾ ಎಂದೂ ಕೇಳಲಿಲ್ಲ.

ಕಲ್ಯಾಣದಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಹತ್ತಿರದ ಒಂದು ಓಣಿಯಲ್ಲಿ ಇನ್ನೊಂದು ಕಾರು. ಬಾನೆಟ್ ತಣ್ಣಗಿತ್ತು, ಬಣ್ಣ ಹೊಳೆಯುತ್ತಿತ್ತು. ಮಾರುವವನು ತರುಣ. "ಅಂಕಲ್, ಗಾಡಿ ಏಕ್‌ದಮ್ ಮಕ್ಖನ್ ಹೈ" ಎಂದ. ಸಂಜೀವಣ್ಣ ಒಳಗೆ ಕೂತು, ಸೀಟ್ ಬೆಲ್ಟನ್ನು ಎಳೆದರು, ಎಳೆಯುತ್ತಲೇ ಹೋದರು. ಯಾರೂ ಅಷ್ಟು ಉದ್ದಕ್ಕೆ ಎಳೆಯುವುದಿಲ್ಲ. ಪಟ್ಟಿಯ ಕೊನೆಯ ಗೇಣಿನಲ್ಲಿ ಒಣಗಿದ ಕೆಸರು ಅಂಟಿಕೊಂಡಿತ್ತು. ಮಳೆಗಾಲದಲ್ಲಿ ಖಾಡಿಯ ನೀರು ಸೀಟಿನ ತನಕ ಬಂದಿತ್ತು ಎನ್ನುವುದನ್ನು ಸೋಪು, ಅತ್ತರು, ಹೊಸ ಕಾರ್ಪೆಟ್ಟು ಎಲ್ಲ ಸೇರಿಯೂ ಮುಚ್ಚಿಡಲಾಗಲಿಲ್ಲ. "ಅವ ಮಕ್ಖನ್ ಅಂದದ್ದು ಸುಳ್ಳಲ್ಲ ಮಾರಾಯ. ಬೆಣ್ಣೆಯನ್ನು ನೀರಲ್ಲೇ ಇಡುವುದಲ್ವಾ?" ಎಂದು ದಾರಿಯುದ್ದಕ್ಕೂ ನಕ್ಕರು.

ಅಲ್ಲಿಯವರೆಗೆ ನನಗೂ ನಗು ಬರುತ್ತಿತ್ತು. ಬಾರದೆ ಹೋದದ್ದು ಥಾಣೆ ಶಹರದಲ್ಲಿ. ಅಲ್ಲಿ ಸಿಕ್ಕಿದ ಬಿಳಿ ಕಾರಿನಲ್ಲಿ ಒಂದೇ ಒಂದು ದೋಷವಿರಲಿಲ್ಲ. ಸಂಜೀವಣ್ಣ ಅಂಗೈ ಇಟ್ಟರು, ಬೆಲ್ಟು ಎಳೆದರು, ನೆಲದಲ್ಲಿ ಮಲಗಿ ಹೊಟ್ಟೆಯಡಿ ನೋಡಿದರು, ಕೊನೆಗೆ ಹೊರಬಂದು "ಬೇಡ" ಎಂದರು.

"ಯಾಕೆ ಸಂಜೀವಣ್ಣ? ಎಲ್ಲ ಸರಿ ಇದೆಯಲ್ಲ?"

"ಅದೇ ಸಂಶಯ. ಇಷ್ಟು ಸರಿ ಇದ್ದದ್ದನ್ನು ಇವ ಯಾಕೆ ಕೊಡ್ತಾನೆ?"

ನಾನು ಸಿಟ್ಟಿನಲ್ಲೇ ಮನೆಗೆ ಬಂದೆ. ಆ ಬಿಳಿ ಕಾರನ್ನು ಯಾರೋ ಕೊಂಡರು. ಅದು ಇವತ್ತಿಗೂ ಭಾನುವಾರ ನನ್ನ ಹೊಟ್ಟೆ ಉರಿಸುತ್ತ ಓಡಾಡುತ್ತಿದೆ.

ಇದಾಗಿ ಸ್ವಲ್ಪ ದಿನಕ್ಕೆ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಸಂಜೀವಣ್ಣ, "ನನ್ನ ಗಾಡಿ ಕೊಡುವ ಅಂತ ಉಂಟು. ಸೊಸೈಟಿಯವರ ಪಾರ್ಕಿಂಗ್ ಕಿರಿಕಿರಿ ಸಾಕಾಯ್ತು. ನಿಂಗೆ ಬೇಕಾದ್ರೆ ಬಂದು ನೋಡು" ಎಂದರು.

ಮನೆಗೆ ಬಂದು ಹೇಳಿದರೆ ವನಿತಾ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು: "ಗೊತ್ತಿತ್ತು ನಂಗೆ. ನೋಡಿದ್ದೆಲ್ಲ ಬೇಡ ಬೇಡ ಅಂತ ಬಿಡಿಸಿದ್ದು ಯಾಕೆ? ತನ್ನದನ್ನು ನಿಮ್ಮ ತಲೆಗೆ ಕಟ್ಲಿಕ್ಕೆ."

ಥೂ, ಹಾಗಿರಲಾರದು ಎಂದೆ. ಆದರೆ ಅಂದು ನಿದ್ದೆ ಸರಿಯಾಗಿ ಬರಲಿಲ್ಲ. ಥಾಣೆಯ ಬಿಳಿ ಕಾರು ಕಣ್ಣ ಮುಂದೆ ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಕಾರು ನಿಜ. ಆದರೆ ಈಗ ಅದಕ್ಕಿಂತ ದೊಡ್ಡದೊಂದು ಕೈತಪ್ಪುತ್ತದೆ ಎನ್ನುವ ಹೆದರಿಕೆ ಹತ್ತಿತು. ಈ ಊರಿನಲ್ಲಿ ನಾನು ಕಣ್ಣು ಮುಚ್ಚಿ ನಂಬಿದ್ದ ಒಬ್ಬ ಮನುಷ್ಯ, ಅವರೂ ಮೇಲಿನ ಸಾಲಿನ ಟೊಮೆಟೊ ಆಗಿದ್ದರೆ?

ಭಾನುವಾರ ಸಾನಪಾಡಾಕ್ಕೆ ಹೋದೆ. ಸಂಜೀವಣ್ಣ ಕಟ್ಟಡದ ಕೆಳಗೆ, ಹೊದಿಕೆ ತೆಗೆದ ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಸೀರೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು.

"ನಿಮ್ಮ ಕಾರು ನಾನೇನು ನೋಡುವುದು ಸಂಜೀವಣ್ಣ? ನೀವು ಹೇಳಿದರೆ ಸಾಕು" ಎಂದೆ, ಧೈರ್ಯ ತಂದುಕೊಂಡು.

ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನನ್ನನ್ನು ನಂಬ್ತೀಯಾ? ಹಾಗಾದ್ರೆ ಇಷ್ಟು ದಿನ ನಾನು ಕಲಿಸಿದ್ದೆಂತ, ಮಣ್ಣಾ? ಮೊನ್ನೆ ಖಾರಘರದವ ಒಬ್ಬ ಬಂದು ಬರೀ ಫೋಟೋ ತೆಗೆದು 'ಡನ್ ಅಂಕಲ್' ಅಂದ. ಓಡಿಸಿದೆ ಅವನನ್ನು. ನೋಡದೆ ತಗೊಳ್ಳುವವ ನೋಡದೆ ಇಟ್ಕೊಳ್ತಾನೆ. ನೋಡು ಮೊದಲು."

ಬಾನೆಟ್ ಮೇಲೆ ಅಂಗೈ ಇಟ್ಟೆ. ಬಿಸಿಯಿತ್ತು.

ನಾನು ಕೈ ತೆಗೆಯಲಿಲ್ಲ. ಸಂಜೀವಣ್ಣ ನನ್ನ ಕೈ ನೋಡಿದರು, ಆಮೇಲೆ ಮುಖ. ತಾವು ಮಾಡಿದ್ದು ಆ ಕ್ಷಣಕ್ಕೇ ಅವರಿಗೆ ಹೊಳೆದಂತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ತೊಡೆಯ ಮೇಲಿನ ಸೀರೆಯನ್ನು ಸುಮ್ಮನೆ ಸರಿಪಡಿಸಿಕೊಂಡರು.

"ಅದು... ಬೆಳಿಗ್ಗೆ ವಾಶಿ ತನಕ ಒಂದು ರೌಂಡ್ ಹೋಗಿ ಬಂದೆ. ಕೊಡುವ ಮೊದಲು ಒಂದು ಸಲ ಅಂತ."

ಬಾಯಿಗೆ ಬಂದದ್ದು ಅವರದೇ ಮಾತು. "ನಾಳೆ ಬರ್ತೇನೆ ಸಂಜೀವಣ್ಣ" ಎಂದೆ. ಅವರು ತಲೆ ತಗ್ಗಿಸಿ, "ಬಾ. ಹಾಗೇ ಮಾಡ್ಬೇಕು" ಎಂದರು.

ಮರುದಿನ ರಜೆ ಹಾಕಿ, ಬೆಳಕು ಹರಿಯುವ ಹೊತ್ತಿಗೇ ಹೋದೆ. ಬಾನೆಟ್ ತಣ್ಣಗಿತ್ತು. ಆದರೂ ಸಂಶಯ ಬಿಡಬೇಕಲ್ಲ? ಗೇಟಿನಲ್ಲಿ ಹಲ್ಲುಜ್ಜುತ್ತಿದ್ದ ವಾಚ್‌ಮನ್‌ನನ್ನು ಕೇಳಿದೆ, ನಿನ್ನೆ ಬೆಳಿಗ್ಗೆ ಸೇಠ್ ಕಾರು ಹೊರಗೆ ತೆಗೆದಿದ್ದರಾ ಎಂದು.

"ಕಹಾಂ ಸಾಬ್!" ಎಂದ ಅವನು. "ಸೇಠ್ ಕಾ ಘುಟ್ನಾ ಖತಮ್ ಹೈ. ಕ್ಲಚ್ ದಬ್ತಾ ನಹೀಂ."

ಮಳೆಗಾಲದಿಂದಲೇ ನೋಯುತ್ತಿದ್ದ ಎಡ ಮೊಣಕಾಲು ಈಗೀಗ ಪೂರ್ತಿ ಹೋಗಿದೆಯಂತೆ. ನಿನ್ನೆ ಕಾರು ಸ್ಟಾರ್ಟ್ ಮಾಡಿ, ಒಂದೆರಡು ಸಲ ಕ್ಲಚ್ ಒತ್ತಲು ನೋಡಿ, ಆಗದೆ, ನಿಂತಲ್ಲೇ ಇಂಜಿನ್ ಓಡಲು ಬಿಟ್ಟು ಸ್ಟಿಯರಿಂಗ್ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದರಂತೆ. ಹೊಗೆ ಬರುತ್ತದೆಂದು ಮೊದಲ ಮಹಡಿಯವರು ಬೈದ ಮೇಲೆ ಬಂದ್ ಮಾಡಿದರಂತೆ.

ಸಂಜೀವಣ್ಣ ಸುಳ್ಳನ್ನೇ ಹೇಳಿದ್ದರು. ಆದರೆ ಆ ಸುಳ್ಳು ಕಾರಿನದಾಗಿರಲಿಲ್ಲ, ಕಾಲಿನದಾಗಿತ್ತು. ನನಗೆ ನಾಚಿಕೆಯೂ ಆಯಿತು, ಹೇಳಲಾಗದಷ್ಟು ಸಮಾಧಾನವೂ ಆಯಿತು. ಅವರು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದು ಕೀ ಕೊಟ್ಟಾಗ ನನಗೆ ಗೊತ್ತಾದದ್ದನ್ನು ಹೇಳಲಿಲ್ಲ. ಕೀ ತಿರುಗಿಸಿದೆ. ತಣ್ಣನೆಯ ಇಂಜಿನು ಒಂದು ಕೆಮ್ಮೂ ಇಲ್ಲದೆ ಎದ್ದಿತು.

"ಬನ್ನಿ, ಒಂದು ರೌಂಡ್ ಹೋಗುವ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ವಾಚ್‌ಮನ್ ಕಡೆಗೂ ಒಮ್ಮೆ ನೋಡಿದರು. ಏನು ಅರ್ಥವಾಯಿತೋ, ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟು, ಹತ್ತಿ ಕೂತರು. ತಮ್ಮ ಕಾರಿನ ಎಡಗಡೆಯ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲಿರಬೇಕು. ಅದು ಹೆಂಡತಿಯ ಜಾಗವಾಗಿತ್ತು.

ಅದೇ ನಮ್ಮ ಕೊನೆಯ ಸವಾರಿಯೂ ಆಯಿತು. ಆ ವಾರವೇ ಅವರ ಮಗಳು ಬಂದು ಆಪರೇಶನ್ನಿಗೆಂದು ಊರಿಗೆ ಕರೆದುಕೊಂಡು ಹೋದಳು. ಆಪರೇಶನ್ ಏನೋ ಆಯಿತು. ಮೊಣಕಾಲಿನ ಮೇಲೆ ಕಣ್ಣಿಟ್ಟು ಕೂತಿದ್ದವರಿಗೆ ಹೃದಯ ಕೈಕೊಟ್ಟಿತು. ಅದನ್ನು ಮಾತ್ರ ಸಂಜೀವಣ್ಣ ಯಾವತ್ತೂ ಸಂಶಯದಿಂದ ನೋಡಿದವರಲ್ಲ. ಕಾರು ಈಗ ನಮ್ಮ ಮನೆಯ ಕೆಳಗಿದೆ, ಸೀರೆ ಈಗಲೂ ಅದರ ಮೇಲಿದೆ. ವನಿತಾ ಅದನ್ನು ಒಗೆದು ಒಗೆದು ಹೊದಿಸುತ್ತಾಳೆ.

ಆ ಸವಾರಿಯ ದಿನ ಪಾಮ್ ಬೀಚ್ ರಸ್ತೆ ಖಾಲಿಯಿತ್ತು. ಎಡಗಡೆ ಖಾಡಿಯ ಮೇಲೆ ಬಿಸಿಲು ಏರುತ್ತಿತ್ತು. ನಾನು ಗೇರು ಬದಲಿಸಿದಾಗಲೆಲ್ಲ ಅವರ ಎಡಗಾಲು ತಾನಾಗಿ ಅಲುಗುತ್ತಿತ್ತು. ಅವರು ಕಣ್ಣೊರೆಸಿಕೊಂಡದ್ದು ಗಾಳಿಗೋ ಏನೋ, ನಾನು ನೋಡಲಿಲ್ಲ. ಆಮೇಲೆ ಕಿವಿಯನ್ನು ಡ್ಯಾಶ್‌ಬೋರ್ಡಿನ ಹತ್ತಿರ ತಂದು, ಹುಬ್ಬು ಗಂಟಿಕ್ಕಿದರು.

"ಸೆಕೆಂಡ್ ಗೇರಲ್ಲಿ ಎಂತದೋ ಸದ್ದು ಉಂಟು ಮಾರಾಯ. ಯಾರು ನಿಂಗೆ ಈ ಗಾಡಿ ಮಾರಿದ್ದು?"