ಗಾಳಿಯ ಕಣ್ಣು

ಅಹಮದಾಬಾದಿನ ವಸ್ತ್ರಾಪುರದ ಈ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ಅಮ್ಮ ನಮ್ಮನ್ನು ಬೇಯಿಸಿಯೇ ಬಿಟ್ಟಿದ್ದಳು. ಉಡುಪಿ ಕಡೆಯವಳು, ಮಧ್ಯಾಹ್ನ ಕಿಟಕಿ ತೆರೆದರೆ ಕಡಲ ಗಾಳಿ ಬಂದೇ ಬರುತ್ತದೆ ಎಂಬುದು ಅವಳ ನಂಬಿಕೆ. ಇಲ್ಲಿನ ಏಪ್ರಿಲ್‌ಗೆ ಕಡಲೂ ಗೊತ್ತಿಲ್ಲ, ದಾಕ್ಷಿಣ್ಯವೂ ಗೊತ್ತಿಲ್ಲ. ಪಕ್ಕದ ಮನೆಯ ಗುಜರಾತಿ ಹೆಂಗಸು ಬಂದು, ಬೆಳಿಗ್ಗೆ ಬಿಸಿಲೇರುವ ಮುಂಚೆ ಕಿಟಕಿ ಮುಚ್ಚಬೇಕು, ಸಂಜೆ ಹೊರಗೆ ತಣಿದ ಮೇಲೆ ತೆರೆಯಬೇಕು ಎಂದು ಹೇಳಿಕೊಟ್ಟರು. ಅಂದಿನಿಂದ ಸಂಜೆ ಕಿಟಕಿ ತೆರೆಯುವುದು ಅಮ್ಮನ ಕೆಲಸವಾಯಿತು. ತೆರೆದು, ಕುರ್ಚಿ ಎಳೆದುಕೊಂಡು, ಬೀದಿಯ ಸಮಸ್ತ ವ್ಯವಹಾರವನ್ನೂ ತನಿಖೆ ಮಾಡುತ್ತಿದ್ದಳು.

ಆಮೇಲೆ ಗ್ಲಾಕೋಮ ಬಂದು ಅವಳ ದೃಷ್ಟಿ ಪೂರ್ತಿ ಹೋಯಿತು. ಅಮ್ಮ ಅಳಲಿಲ್ಲ. ಕುರ್ಚಿಯನ್ನು ಒಳಗಿನ ಗೋಡೆಯ ಪಕ್ಕ ಹಾಕಿಸಿಕೊಂಡು ಕುಳಿತಳು, ಅಷ್ಟೆ. ಕಿಟಕಿಯ ಹತ್ತಿರ ಕೂರು ಎಂದರೆ, ನನಗಿನ್ನು ಅದು ಎಂಥಕ್ಕೆ ಎನ್ನುತ್ತಿದ್ದಳು. ದಿನದಿನಕ್ಕೆ ಮಾತು ಕಡಿಮೆಯಾಯಿತು. ಹೀಗೇ ಬಿಟ್ಟರೆ ಅಮ್ಮ ನಮ್ಮ ಕೈಗೆ ಸಿಗುವುದಿಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಈ ಬೇಸಿಗೆಯ ಒಂದು ಭಾನುವಾರ, ವಡೋದರಾದಲ್ಲಿ ಭಾಷಾವಿಜ್ಞಾನ ಓದುತ್ತಿರುವ ನನ್ನ ಮಗಳು ಮನೆಗೆ ಬಂದಿದ್ದಳು. ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಕಾಲು ಗುಜರಾತಿ. ಸಂಜೆಯ ಹೊತ್ತಿಗೆ ಅದರಲ್ಲೇ ಅಜ್ಜಿಗೆ ಪಾಠ ಶುರುಮಾಡಿದಳು. ನಾವು ಬಸ್ಸು ಹತ್ತಿದೊಡನೆ ಹುಡುಕುವ ವಿಂಡೋ ಸೀಟಿನ ‘ವಿಂಡೋ’ ಮೂಲದಲ್ಲಿ ಇಂಗ್ಲಿಷಿನದೇ ಅಲ್ಲವಂತೆ. ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯಲ್ಲಿ ಅದು ‘ವಿಂದ್‌ಔಗ’. ಅಂದರೆ ಗಾಳಿಯ ಕಣ್ಣು. ಗಾಜಿಲ್ಲದ ಕಾಲದಲ್ಲಿ ಮನೆಗೊಂದು ತೂತು, ಅದಕ್ಕೆ ಆ ಹೆಸರು. ಡೆನ್ಮಾರ್ಕಿನವರು ಇಂದಿಗೂ ಅದನ್ನೇ ಸವೆಸಿ ‘ವಿಂದು’ ಎನ್ನುತ್ತಾರೆ. ಆ ನಾಡುಗಳಿಂದ ಹಡಗು ಹತ್ತಿ ಹೋದವರ ಜೊತೆ ಪದವೂ ಐರ್ಲೆಂಡಿನಲ್ಲಿ ಇಳಿದು ‘ಫಿನ್ಯೋಗ್’ ಆಯಿತು, ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ‘ಉನ್ಯಾಗ್’ ಆಯಿತು. ಲೂಟಿಗೆಂದು ಬಂದವರು ಬಿಟ್ಟುಹೋದದ್ದು ನೋಡಿ, ಒಂದು ಕಿಟಕಿ. ಅಲ್ಲಿಯವರ ಕಿವಿಗೆ ಆ ಪದದಲ್ಲಿ ಈಗ ಕಣ್ಣು ಕೇಳಿಸುವುದಿಲ್ಲವಂತೆ, ಆದರೂ ಅದು ಒಳಗೇ ಇದೆ.

ಅಡುಗೆಮನೆಯಿಂದ ಕೇಳುತ್ತಿದ್ದ ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ. ನಮ್ಮ ಗವಾಕ್ಷದೊಳಗೂ ಕಣ್ಣಿದೆಯಲ್ಲ, ಗೋವಿನ ಅಕ್ಷಿ, ಹಸುವಿನದು. ಹಿಮದ ನಾಡಿನ ಯಾರೋ, ನಮ್ಮ ನಾಡಿನ ಯಾರೋ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಗೋಡೆಯಲ್ಲಿ ತೂತು ಮಾಡಿ ಅದನ್ನು ಕಣ್ಣು ಎಂದು ಕರೆದಿದ್ದರು.

ಅಮ್ಮ ಮೊಮ್ಮಗಳ ದನಿಯ ಕಡೆಗೆ ಮುಖ ತಿರುಗಿಸಿ ಕೇಳಿದಳು:

“ಅಲ್ಲ ಮಗಾ, ಅದು ಮನೆಯವರ ಕಣ್ಣಲ್ವಾ? ಗಾಳಿದಾ?”

“ಗಾಳಿದೇ ಅಜ್ಜಿ.”

“ಹಾಗಾದ್ರೆ ನನ್ನನ್ನು ಅಲ್ಲಿ ಕೂರಿಸು. ನನಗೆ ಕಾಣ್ಲಿಕ್ಕಿಲ್ಲ. ಅದಾದ್ರೂ ನನ್ನನ್ನು ನೋಡ್ಲಿ.”

ಮಗಳು ಕುರ್ಚಿ ಎಳೆದು ಹಾಕಿದಳು. ನಾನು ಅವಸರದಲ್ಲಿ ಕಿಟಕಿ ತೆರೆಯಹೋದರೆ ಅಮ್ಮ ತಡೆದಳು. ಅಂಗೈಯನ್ನು ಗಾಜಿಗೆ ಒತ್ತಿ, ಇನ್ನೂ ಬಿಸಿ ಉಂಟು ಎಂದಳು. ಅಂಗೈ ತೆಗೆಯದೆ ಕಾದಳು. ನಾವೂ ಕಾದೆವು. ಕೊನೆಗೆ ಗಾಜು ತಣಿದಿರಬೇಕು, ಚಿಲಕವನ್ನು ತಡಕಿ ತಾನೇ ತೆರೆದಳು.

ವಸ್ತ್ರಾಪುರದ ಕೆರೆಯ ಕಡೆಯಿಂದ ಗಾಳಿ ಬಂತು. ಅಮ್ಮ ಸೆರಗು ಸರಿಮಾಡಿಕೊಂಡು, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, ಅದಕ್ಕೆ ಮುಖ ಕೊಟ್ಟು ಕುಳಿತಳು.